ಹಗೇವಿನ ಬಾಯಿ, ಚಕ್ರವ್ಯೂಹದ ಬಾಗಿಲು

ಧಾರವಾಡ, ಹಾವೇರಿ ಸೀಮೆಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿಗೆ ಒಂದೇ ಬಾಯಿ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಇಳಿದವನ ಜೀವ ಮೇಲೆ ನಿಂತವರ ಎಚ್ಚರದಲ್ಲಿರುತ್ತಿತ್ತು. ಹಂಸಭಾವಿಯಲ್ಲಿ ಕೂತು 'ಡಂಜನ್ ಕ್ರಾಲರ್' ಎಂಬ ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವಾಗ ನನಗೆ ಮೊದಲು ಹೊಳೆದದ್ದು ಈ ಹಗೇವು. ಡಂಜನ್ ಎಂದರೆ ನೆಲದಡಿಯ ಸೆರೆಮನೆ ಎನ್ನುತ್ತದೆ ನಿಘಂಟು. ಆಟದ ಡಂಜನ್ನಿಗೆ ಮಾತ್ರ ಹಗೇವೇ ಹತ್ತಿರದ ನಂಟ: ಒಳಗೆ ಸಂಪತ್ತಿದೆ, ಕತ್ತಲಿದೆ, ಇಳಿದ ಬಾಯಿಂದಲೇ ಮೇಲೆ ಬರಬೇಕು.

ಈ ಜಾತಿಯ ಆಟಗಳ ಮೊದಲ ಮೊಳಕೆ 1970ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರ್ ಜಾಲದಲ್ಲಿ ಒಡೆಯಿತು. ಮನೆಮನೆಗೆ ತಲುಪಿಸಿದ್ದು 1981ರ 'ವಿಜಾರ್ಡ್ರಿ'. ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬಿಬ್ಬರು ಅದನ್ನು ಆಪಲ್ 2 ಯಂತ್ರಕ್ಕಾಗಿ ಬರೆದರು. ಆಟದ ದುಷ್ಟ ಮಾಂತ್ರಿಕ ವೆರ್ಡ್ನಾ, ಅರಸ ಟ್ರೆಬೋರ್. ಇಬ್ಬರ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ಬರೆದವರೇ ಸಿಗುತ್ತಾರೆ. ನೆಲದಡಿ 10 ಅಂತಸ್ತು, ಅಂತಸ್ತಿಗೆ 20 ಅಡ್ಡ 20 ಮನೆ, ಒಟ್ಟು 4,000 ಚೌಕ. ಆಟಗಾರನಿಗೆ ಕಾಣುವುದು ಕಣ್ಣೆತ್ತರದ ನೋಟ ಮಾತ್ರ: ಎದುರಿಗೆ ನಾಲ್ಕಾರು ಗೆರೆಗಳ ಗೋಡೆ, ಒಂದು ಬಾಗಿಲು. ತೆರೆಯ ಮೇಲೆ ನಕ್ಷೆಯಿಲ್ಲ.

ನಮ್ಮ ಚೌಕಾಬಾರವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ 25 ಮನೆ. ಕಾಯಿ ಹೊರಸುತ್ತಿನ 16 ಮನೆ ದಾಟಿ, ದಿಕ್ಕು ಬದಲಿಸಿ ಒಳಸುತ್ತಿನ 8 ಮನೆ ಸುತ್ತಿ, ನಡುಮನೆಗೆ ಹೋಗಿ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಸುತ್ತಿ ಸುತ್ತಿ ಒಳಗೆ ಹೋಗುವುದು, ಕಾದಾಡಿ ಅರ್ಹತೆ ಗಳಿಸುವುದು, ಎರಡೂ ಇಲ್ಲಿವೆ. ಆದರೆ ಆಡುವವರು ಕಟ್ಟೆಯ ಮೇಲೆ ಕೂತು ಇಡೀ ಮನೆಯನ್ನು ಮೇಲಿನಿಂದ ನೋಡುತ್ತಿರುತ್ತಾರೆ. ಕಾಯಿಗೆ ಕಣ್ಣಿಲ್ಲ. ವಿಜಾರ್ಡ್ರಿ ಮಾಡಿದ್ದು ಇಷ್ಟೇ: ಆಡುವವನನ್ನು ಕಟ್ಟೆಯಿಂದ ಎಬ್ಬಿಸಿ ಕಾಯಿಯೊಳಗೆ ಕೂರಿಸಿತು.

ಮೇಲಿನ ನೋಟ ಕಳೆದುಕೊಂಡವನು ಅದನ್ನು ಮತ್ತೆ ಕೈಯಾರೆ ಗಳಿಸಬೇಕು. ಇದಕ್ಕೆ ಬೇಕಾದದ್ದು ಚೌಕುಳಿ ನೋಟ್‌ಬುಕ್ಕು, ಸೀಸದಕಡ್ಡಿ, ರಬ್ಬರು. ಒಂದು ಹೆಜ್ಜೆ, ಒಂದು ಗೆರೆ. ನಕ್ಷೆ ಬರೆಯುವವನನ್ನು ದಾರಿ ತಪ್ಪಿಸಲೆಂದೇ ಆಟದಲ್ಲಿ ಕಪಟಗಳಿವೆ: ಕಾಲಿಟ್ಟವರನ್ನು ಗೊತ್ತಾಗದಂತೆ ಬೇರೆ ದಿಕ್ಕಿಗೆ ತಿರುಗಿಸುವ ಚೌಕ, ಏನೂ ಕಾಣದ ಕತ್ತಲ ಜಾಗ, ಇಲ್ಲಿಂದೆತ್ತಿ ಅಲ್ಲಿಗೆ ಎಸೆಯುವ ಚೌಕ. ಎಲ್ಲಿದ್ದೇವೆಂದು ಹೇಳಲು 'ಡುಮಾಪಿಕ್' ಎಂಬ ಮಂತ್ರವೊಂದಿದೆ. ಅದೂ ಮೆಟ್ಟಿಲಿಂದ ಇಷ್ಟು ಪೂರ್ವಕ್ಕೆ, ಇಷ್ಟು ಉತ್ತರಕ್ಕೆ ಎಂದು ಅಂಕಿ ಕೊಡುತ್ತದೆಯೇ ಹೊರತು ಚಿತ್ರ ಕೊಡುವುದಿಲ್ಲ. ಈ ಆಟಗಳ ಸೆಳೆತವೇನೆಂದು ಕೇಳಿದವರಿಗೆ ಕತ್ತಿ, ರಾಕ್ಷಸ, ನಿಧಿ ಎಂಬ ಉತ್ತರ ಬೇಗ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ರಾಕ್ಷಸರು ಎಲ್ಲ ಆಟಗಳಲ್ಲೂ ಇದ್ದಾರೆ.

ಕನ್ನಡದಲ್ಲಿ ಇಂಥ ದಾರಿಗೆ ಚಕ್ರವ್ಯೂಹವೆಂಬ ಹೆಸರು ಸಿದ್ಧವಾಗಿಯೇ ಇದೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ, 12ನೆಯ ಶತಮಾನದ ಶಿಲ್ಪಿ ಕಡೆದ ಚಕ್ರವ್ಯೂಹವಿದೆ. ಅದರ ದಾರಿಯನ್ನು ಬೆರಳಿಂದ ಹಿಂಬಾಲಿಸಿದರೆ ಕವಲೇ ಇಲ್ಲ. ಎಷ್ಟು ಸುತ್ತಿಸಿದರೂ ಕೊನೆಗೆ ನಡುವಿಗೇ ಒಯ್ಯುವ ಒಂದೇ ದಾರಿ. ಅಲ್ಲಿ ಹೋದವನು ಸಾಯಬಹುದು, ಆದರೆ ದಾರಿ ತಪ್ಪಲಾರ. ಅಭಿಮನ್ಯುವಿಗೆ ಒಳಹೋಗುವ ವಿದ್ಯೆ ಗೊತ್ತು, ಹೊರಬರುವುದು ಗೊತ್ತಿಲ್ಲ ಎಂಬ ಮಾತು ನಮಗೆ ಬಾಯಿಪಾಠ. ಅವನ ಬೆನ್ನಿಗೇ ನುಗ್ಗಬೇಕಿದ್ದ ಧರ್ಮರಾಯ, ಭೀಮ, ನಕುಲ, ಸಹದೇವರನ್ನು ಸೈಂಧವ ಬಾಗಿಲಲ್ಲೇ ತಡೆದ ಎಂಬುದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಹುಡುಗ ಸತ್ತದ್ದು ತಂಡ ಒಡೆದದ್ದರಿಂದ. ವಿಜಾರ್ಡ್ರಿಯಲ್ಲಿ ಆರು ಜನ ಒಂದೇ ಚೌಕದಲ್ಲಿ ನಿಂತು ಒಟ್ಟಿಗೇ ಹೆಜ್ಜೆ ಹಾಕುತ್ತಾರೆ. ಯಾವ ಬಾಗಿಲೂ ಅವರ ನಡುವೆ ಮುಚ್ಚದು. ಆರೂ ಜನ ಸತ್ತರೆ ಹೆಣಗಳು ಅಲ್ಲೇ ಉಳಿಯುತ್ತವೆ, ತರಲು ಹೊಸ ತಂಡವನ್ನೇ ಇಳಿಸಬೇಕು. ಮತ್ತೆ ಹಗೇವಿನ ನೆನಪು.

ಮುಂದಿನ ಕಥೆ ಚಿಕ್ಕದು. 1987ರ 'ಡಂಜನ್ ಮಾಸ್ಟರ್' ಗಡಿಯಾರವನ್ನು ಓಡಬಿಟ್ಟಿತು: ನಿಂತರೂ ಹಸಿವಾಗುತ್ತದೆ, ದೀವಟಿಗೆ ಉರಿದು ಮುಗಿಯುತ್ತದೆ. 1992ರ 'ಅಲ್ಟಿಮಾ ಅಂಡರ್‌ವರ್ಲ್ಡ್' ಚೌಕದ ಹೆಜ್ಜೆಯನ್ನೇ ಬಿಟ್ಟಿತು, ನಕ್ಷೆಯನ್ನೂ ತಾನೇ ಬರೆಯಿತು. ಅನುಕೂಲವಾಯಿತು, ನಿಜ. ಹಾಗಿದ್ದರೆ 2007ರಲ್ಲಿ ಜಪಾನಿನ 'ಎಟ್ರಿಯನ್ ಒಡಿಸ್ಸಿ' ಎರಡು ತೆರೆಯ ಯಂತ್ರದ ಕೆಳತೆರೆಯನ್ನು ಆಟಗಾರನೇ ಕಡ್ಡಿಯಿಂದ ನಕ್ಷೆ ಬರೆಯಲೆಂದು ಬಿಟ್ಟುಕೊಟ್ಟದ್ದೇಕೆ? 2012ರಲ್ಲಿ ಫಿನ್ಲೆಂಡಿನ 'ಲೆಜೆಂಡ್ ಆಫ್ ಗ್ರಿಮ್‌ರಾಕ್' ನಕ್ಷೆಯೇ ಸಿಗದಂತೆ ಆಡುವ ಆಯ್ಕೆಯನ್ನು ಇಟ್ಟದ್ದೇಕೆ?

ಉತ್ತರ ವಿಜಾರ್ಡ್ರಿಯ ಕಟ್ಟಡದಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಾಲ್ಕನೆಯ ಅಂತಸ್ತಿನಲ್ಲಿ ನೀಲಿ ಪಟ್ಟಿಯೊಂದು ದಕ್ಕಿದರೆ ಲಿಫ್ಟು ನೇರ ಒಂಬತ್ತಕ್ಕೆ ಇಳಿಸುತ್ತದೆ. ಗೆಲ್ಲುವುದಕ್ಕೆ 5ರಿಂದ 8ರವರೆಗಿನ ಅಂತಸ್ತುಗಳು ಬೇಕಾಗಿಯೇ ಇಲ್ಲ. 1,600 ಚೌಕ, ಯಾವ ಪ್ರಯೋಜನಕ್ಕೂ ಇಲ್ಲದವು. ನನ್ನ ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಪುಟಗಳೇ ಭರ್ತಿಯಾಗಿವೆ. ಆರನೆಯದು ರಬ್ಬರು ಉಜ್ಜಿ ಉಜ್ಜಿ ಒಂದು ಮೂಲೆಯಲ್ಲಿ ಹರಿದೂ ಹೋಗಿದೆ. ವೆರ್ಡ್ನಾ ಕೂತಿರುವ ಹತ್ತನೆಯ ಪುಟ ಇನ್ನೂ ಅರ್ಧ ಖಾಲಿ.