ಶ್ರೀಗಂಧದ ಸ್ಪೈಕ್ ರೋಗ ಮತ್ತು ಮೈಸೂರು ಸಂಸ್ಥಾನ: ಒಂದು ವಿವೇಚನೆ

ಮೈಸೂರು ಸಂಸ್ಥಾನದ ಆರ್ಥಿಕ ಚರಿತ್ರೆಯಲ್ಲಿ ಶ್ರೀಗಂಧಕ್ಕಿರುವ ಸ್ಥಾನವು ಸುವಿದಿತವಾದುದು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನೆಂದು ಪ್ರತೀತಿಯುಂಟು. ತರುವಾಯದ ಒಡೆಯರ ಸರ್ಕಾರವೂ ಈ ಏಕಸ್ವಾಮ್ಯವನ್ನು ಉಳಿಸಿಕೊಂಡಿತು. ರೈತನ ಹಿಡುವಳಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸ್ವತ್ತೇ ಆಗಿದ್ದಿತು. ಈ ಮರಕ್ಕೆ ತಗುಲಿದ ವ್ಯಾಧಿಯೊಂದರ ಇತಿಹಾಸವನ್ನು ಪರಿಶೀಲಿಸಿ, ಅದರಿಂದ ನಾವು ಅರಿಯಬೇಕಾದುದೇನೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕೊಡಗಿನಲ್ಲಿ ಈ ರೋಗವು 1899ರಲ್ಲಿ ಮೊದಲು ವರದಿಯಾಯಿತು. ರೋಗ ತಗುಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಸೆಟೆದು, ಕೊಂಬೆಯ ಸುತ್ತ ಮೊಳೆ ಬಡಿದಂತೆ ನಿಲ್ಲುತ್ತವೆ. ‘ಸ್ಪೈಕ್’ ಎಂಬ ಹೆಸರು ಬಂದುದು ಇದರಿಂದಲೇ. ಗಂಧದ ಮರವು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಆಹಾರದ ಒಂದಂಶವನ್ನು ಪಡೆಯುವಂಥದು. ರೋಗ ಬಲಿತಂತೆ ಆ ಬೆಸುಗೆಗಳೂ ನಶಿಸಿ, ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಮರವು ಸಾಯುತ್ತದೆ. 1903ರಿಂದ 1916ರವರೆಗೆ ಕೊಡಗು ಮತ್ತು ಮೈಸೂರು ಸೀಮೆಗಳಲ್ಲಿ ಸುಮಾರು 10 ಲಕ್ಷ ಮರಗಳನ್ನು ಕಿತ್ತುಹಾಕಲಾಯಿತು.

ರೋಗದ ಕಾರಣವನ್ನು ಕುರಿತು ಬಹುಕಾಲ ವಾದ ನಡೆಯಿತು. ಕಾಡುಕಿಚ್ಚನ್ನು ಕೆಲವರು ದೂರಿದರು. ಲಂಟಾನದ ಹಾವಳಿಯನ್ನು ಕೆಲವರು ದೂರಿದರು. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ರೋಗಿಷ್ಠ ಮರದ ಟೊಂಗೆಯನ್ನು ಆರೋಗ್ಯವಾದ ಗಿಡಕ್ಕೆ ಕಸಿಮಾಡಿ, ರೋಗವು ಅಂಟುವಂಥದೆಂದು 1917ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಸಂಶೋಧನೆ ನಡೆಯಿತು. ವೈರಸ್ ಎಂದು ಭಾವಿಸಲಾಗಿದ್ದ ಈ ರೋಗಾಣುವು ಕೋಶಭಿತ್ತಿಯಿಲ್ಲದ ಒಂದು ಬಗೆಯ ಸೂಕ್ಷ್ಮಜೀವಿಯೆಂದು 1969ರಲ್ಲಿ ತಿಳಿದುಬಂದಿತು. ಇಂದು ಅದನ್ನು ಫೈಟೊಪ್ಲಾಸ್ಮಾ ಎನ್ನುತ್ತಾರೆ. ಟೆಟ್ರಾಸೈಕ್ಲೀನ್ ಔಷಧದಿಂದ ಲಕ್ಷಣಗಳು ಕೆಲಕಾಲ ಮರೆಯಾಗುವುವಲ್ಲದೆ ರೋಗವು ವಾಸಿಯಾಗುವುದಿಲ್ಲ.

ಇದೇ ಕಾಲದ ಮತ್ತೊಂದು ಸಂಗತಿಯನ್ನು ಇದರೊಡನೆ ಇಟ್ಟು ನೋಡಬೇಕು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಗಂಧದ ರಫ್ತು ನಿಂತಾಗ, ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ಮುಂದಾಗಿ, 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರು ನಗರದಲ್ಲಿಯೂ ಕಾರ್ಖಾನೆಗಳನ್ನು ಸ್ಥಾಪಿಸಿತು. ಹೀಗೆ, ರೋಗವು ಅಂಟುಜಾಡ್ಯವೆಂದು ಸಿದ್ಧವಾದ ವರ್ಷವೂ ನಮ್ಮ ನಗರದ ಕಾರ್ಖಾನೆ ಆರಂಭವಾದ ವರ್ಷವೂ ಒಂದೇ. ಬಲಿತ ಮರದ ಚೇಗು ಹಾಗೂ ಬೇರುಗಳಲ್ಲಿ ಎಣ್ಣೆ ಇರುವುದರಿಂದ ಅದನ್ನು ಬುಡಸಹಿತ ಕೀಳುವುದೇ ರೂಢಿ.

ಯೂರೋಪಿನ ಆಶ್ ಮರದ ಇತ್ತೀಚಿನ ಕಥೆಯು ಇಲ್ಲಿ ನಮಗೆ ಬೆಳಕು ನೀಡುತ್ತದೆ. ಪೂರ್ವ ಏಷ್ಯಾದಿಂದ ಬಂದ ಶಿಲೀಂಧ್ರವೊಂದರಿಂದ ಆ ಮರಗಳು ಒಣಗುತ್ತಿರುವುದು 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಕಂಡಿತು. 2012ರಲ್ಲಿ ಬ್ರಿಟನ್ನಿನಲ್ಲಿಯೂ ಪತ್ತೆಯಾಯಿತು. ಆದರೆ ಸ್ವಲ್ಪ ಭಾಗದ ಮರಗಳು ರೋಗವನ್ನು ತಾಳಿಕೊಳ್ಳುತ್ತವೆ. ಅವುಗಳ ಬೀಜದಿಂದಲೇ ಮುಂದಿನ ಕಾಡು ಎದ್ದೀತೆಂದು ತಿಳಿದು, ಅಪಾಯವಿಲ್ಲದೆಡೆ ಅಂಥವನ್ನು ಕಡಿಯಬಾರದೆಂದು ಅಲ್ಲಿನ ಅರಣ್ಯಶಾಸ್ತ್ರಜ್ಞರು ಸಲಹೆ ಕೊಡುತ್ತಾರೆ.

ನಮ್ಮಲ್ಲಿ ಹಾಗಾಗಲಿಲ್ಲವೆಂಬುದು ನಮ್ಮ ಅನುಮಾನ. ರೋಗದ ನಡುವೆಯೂ ಬದುಕಿ ಚೇಗು ಕಟ್ಟಿದ ಮರವೇ ಕಾರ್ಖಾನೆಗೆ ಹೆಚ್ಚು ಬೇಕಾದ ಮರ. ಜಾಡ್ಯವನ್ನು ಗೆದ್ದುದು ಕೊಡಲಿಯನ್ನು ಗೆಲ್ಲಲಾರದೆ ಹೋಯಿತು. ಅಂಥ ಮರವನ್ನು ಗುರುತಿಸಿ ಕಾಯಲು ಹೊಲದ ಒಡೆಯನಿಗೆ ಕಾರಣವೂ ಇರಲಿಲ್ಲ, ಏಕೆಂದರೆ ಮರವು ಅವನದಾಗಿರಲಿಲ್ಲ. 2001ರ ಕಾನೂನು ತಿದ್ದುಪಡಿಯು ಕರ್ನಾಟಕದ ಭೂಮಾಲಿಕನಿಗೆ ತನ್ನ ನೆಲದ ಗಂಧದ ಮೇಲೆ ಹಕ್ಕನ್ನು ಕೊಟ್ಟಿತಾದರೂ, ಅಷ್ಟರಲ್ಲಿ ಎರಡು ಶತಮಾನಗಳು ಸಂದಿದ್ದುವು; ಕಳ್ಳರ ಭಯವಂತೂ ಇಂದಿಗೂ ತೀರಿಲ್ಲ.

ರೋಗವು ಪ್ರಕೃತಿಯ ಸಂಗತಿ. ಅದರ ಪರಿಣಾಮವಾದರೋ ಬಹುಮಟ್ಟಿಗೆ ಒಡೆತನದ ಸಂಗತಿ. ಸಂಸ್ಥಾನದ ಅರಣ್ಯ ವರದಿಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಎಷ್ಟು ಮರ ಸತ್ತುವೆಂಬುದನ್ನು ಎಣಿಸಿದರೆ ಸಾಲದು. ಸಾಯದೆ ಉಳಿದ ಮರಗಳು ಮುಂದೆ ಏನಾದುವೆಂಬುದನ್ನೂ ಹುಡುಕಬೇಕು. ಅವುಗಳ ಸಂತತಿ ಎಲ್ಲಿಯಾದರೂ ಉಳಿದಿದ್ದರೆ, ಈ ಶೋಧವು ಚರಿತ್ರೆಗೆ ಮಾತ್ರವಲ್ಲದೆ ಕಾಡಿಗೂ ಉಪಕಾರವಾದೀತು.