ವೇಷ ತೊಟ್ಟ ಅಕ್ಷರಗಳು

ಮಗುವಿನ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಒದಗಿಸಬೇಕೆಂಬ ಹಂಬಲ ಇಂಟರ್‌ನೆಟ್ಟಿಗಿಂತ ಬಹಳ ಹಳೆಯದು. 1936ರಲ್ಲೇ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ ಹೊರತಂದಿದ್ದರು. ಮುಂದೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. ಇಂಥ ಪುಸ್ತಕಗಳಲ್ಲಿ ಹುಡುಕುವುದೆಂದರೆ ಪುಟ ತಿರುವುವುದು. ಇಲ್ಲದಿದ್ದರೆ ಇಲ್ಲವೆಂದಾದರೂ ಖಚಿತವಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕನ್ನಡಕ್ಕೆ ಎದುರಾದದ್ದು ಬೇರೆಯೇ ತೊಡಕು. ಬರಹ ಕಣ್ಣೆದುರಿಗೇ ಇರುತ್ತಿತ್ತು, ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ.

1990ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್ಚಿ’ ಕೇವಲ ಕಡತಗಳ ಹೆಸರುಗಳನ್ನು ಹುಡುಕುತ್ತಿತ್ತು. 1995ರ ಕೊನೆಗೆ ಬಂದ ಆಲ್ಟಾವಿಸ್ಟಾ ಪುಟದೊಳಗಿನ ಪದಗಳನ್ನೇ ಹುಡುಕತೊಡಗಿತು. ಇಂಗ್ಲಿಷಿಗೆ ಇದು ಹಬ್ಬ. ಕನ್ನಡಕ್ಕೂ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು ನಿಜ. ಆದರೆ ನಮ್ಮ ಕಚೇರಿಗಳು, ಪತ್ರಿಕೆಗಳು, ಡಿಟಿಪಿ ಅಂಗಡಿಗಳು ಬಹುಕಾಲ ನೆಚ್ಚಿಕೊಂಡದ್ದು ಹಳೆಯ ಫಾಂಟುಗಳನ್ನು. ಅವುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಕಟ್ಟುತ್ತದೆ. ಓದುಗ ರಂಗಸ್ಥಳದೆದುರು ಕೂತವನು, ಅವನಿಗೆ ವೇಷ ಸಾಕು. ಸರ್ಚ್ ಎಂಜಿನ್ ಚೌಕಿಯೊಳಗೆ ಕೂತದ್ದು, ಅದಕ್ಕೆ ಕಾಣುವುದು ಬಣ್ಣ ಹಚ್ಚದ ಮುಖ ಮಾತ್ರ. ಆ ಫಾಂಟುಗಳನ್ನು ನಾನು ಹಳಿಯಲಾರೆ. ಪರದೆಯ ಮೇಲೆ ಕನ್ನಡ ಮೂಡಿದ್ದೇ ದೊಡ್ಡದಾಗಿದ್ದ ದಿನಗಳವು.

ಇದರ ಸಾಲ ಈಗ ತೀರಿಸುತ್ತಿರುವವರಲ್ಲಿ ತಂದೆತಾಯಂದಿರೂ ಇದ್ದಾರೆ. ಒಲೆಯ ಮೇಲೆ ಸಾರು, ನಾಳೆಗೆ ಮಗಳ ಪ್ರಾಜೆಕ್ಟು, ಕೈಯಲ್ಲಿರುವುದು ಹತ್ತು ನಿಮಿಷ. ಕನ್ನಡದಲ್ಲಿ ಒಮ್ಮೆ ಹುಡುಕಿ, ಸಿಗದಿದ್ದರೆ ಇಂಗ್ಲಿಷಿಗೆ ಹೊರಳುತ್ತಾರೆ. ಮಗಳು ಪಕ್ಕದಲ್ಲೇ ನೋಡುತ್ತಿರುತ್ತಾಳೆ. ಕನ್ನಡದಲ್ಲಿ ಅದೆಲ್ಲ ಇರುವುದಿಲ್ಲ ಎಂಬುದನ್ನು ಅವಳು ಕಲಿಯುವುದು ಹೀಗೆ, ಯಾರೂ ಹೇಳಿಕೊಡದೆ.

ಆ ಹತ್ತು ನಿಮಿಷವನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ಪ್ರಾಜೆಕ್ಟು ಕದಂಬರ ಬಗ್ಗೆ ಎನ್ನಿ. ಬರೀ ‘ಮಯೂರ’ ಎಂದು ಕೊಟ್ಟರೆ 1975ರ ರಾಜ್‌ಕುಮಾರ್ ಸಿನಿಮಾ, ಪ್ರವಾಸೋದ್ಯಮ ನಿಗಮದ ಹೋಟೆಲುಗಳು, ನವಿಲು ಎಲ್ಲವೂ ಒಟ್ಟಿಗೇ ಎದುರಾಗಬಹುದು. ‘ಮಯೂರಶರ್ಮ ತಾಳಗುಂದ’ ಎಂದು ಆ ಶಾಸನದ ಊರನ್ನೂ ಸೇರಿಸಿದರೆ ದಾರಿ ಕಿರಿದಾಗುತ್ತದೆ. ಅವನು ಮಯೂರವರ್ಮನೂ ಹೌದು, ಹಾಗಾಗಿ ಆ ಹೆಸರಿನಲ್ಲೂ ಒಮ್ಮೆ ಹುಡುಕಬೇಕು. ‘ಸಿನಿಮಾ’ ಪದದ ಮುಂದೆ ಜಾಗ ಬಿಡದೆ ಮೈನಸ್ ಚಿಹ್ನೆ ಹಾಕಿದರೆ ಆ ಪದವಿರುವ ಪುಟಗಳನ್ನು ಬಿಟ್ಟುಬಿಡಲು ಹೇಳಿದಂತೆ. ಪದಗಳು ಅದೇ ಕ್ರಮದಲ್ಲಿ ಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಆಗ ವಿಭಕ್ತಿಯ ಮೇಲೆ ಕಣ್ಣಿರಲಿ: ‘ಕದಂಬರು’, ‘ಕದಂಬರ’, ‘ಕದಂಬರನ್ನು’ ನಮಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆಯಾಗಬಹುದು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪುಟಗಳು ಎಷ್ಟೋ ಸಲ ಬರೀ ಚಿತ್ರಗಳು. ಅವನ್ನು ವಿಷಯದಿಂದಲ್ಲ, ಪುಸ್ತಕ ಮತ್ತು ಲೇಖಕರ ಹೆಸರಿನಿಂದ ಹುಡುಕುವುದು ಲೇಸು. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಚಿಕ್ಕದಾಗಿದ್ದರೂ ಸರಿಯಾದ ಪಾರಿಭಾಷಿಕ ಪದವೊಂದು ಸಿಗಬಹುದು. ಮುಂದಿನ ಹುಡುಕಾಟಕ್ಕೆ ಅದೇ ಕೀಲಿಕೈ.

ಹಳೆಯ ಜಾಲಪುಟವೊಂದರಿಂದ ಒಂದು ಸಾಲನ್ನು ಕಾಪಿ ಮಾಡಿ ಮೊಬೈಲಿನ ಸಂದೇಶದೊಳಗೆ ಪೇಸ್ಟ್ ಮಾಡಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಅದು ವೇಷದ ಕನ್ನಡ. ಅದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಮಗಳ ಕೈಯಲ್ಲೇ ಮಾಡಿಸಿ, ಗೋಜಲು ಕನ್ನಡವಾಗುವುದನ್ನು ನೋಡಲು ಮಕ್ಕಳಿಗೆ ಖುಷಿ.