ಬಾಗಿಲಿಗೆ ತಿಳಿಯುವುದೆಷ್ಟು?

ಸಾದಲಿಯಿಂದ ನನ್ನೊಡನೆ ಬೆಂಗಳೂರಿಗೆ ಬಂದಿದ್ದ ನಮ್ಮ ದೊಡ್ಡಪ್ಪನವರು ಮೆಟ್ರೋ ನಿಲ್ದಾಣದ ತಪಾಸಣೆಯ ಬಾಗಿಲನ್ನು ದಾಟುತ್ತಲೇ ಅದು ಕೂಗಿಕೊಂಡಿತು. ಎಲೆಅಡಿಕೆಯ ಡಬ್ಬಿ, ಚಿಲ್ಲರೆ, ಬೀಗದ ಕೈ ಎಲ್ಲವನ್ನೂ ತೆಗೆದಿಟ್ಟರೂ ಮತ್ತೆ ಕೂಗು. ಹೆಗಲ ಮೇಲಿನ ರೇಷ್ಮೆಯ ಶಲ್ಯಕ್ಕೆ ಸುಮ್ಮನಿದ್ದ ಕಾವಲುಗಾರನ ಕೈಕೋಲು ತೊಡೆಯ ಬಳಿ ಗುಂಯ್‌ಗುಟ್ಟಿತು. ಹಿಪ್ಪುನೇರಳೆ ತೋಟದಲ್ಲಿ ಬಿದ್ದು ಮುರಿದ ಮೂಳೆಗೆ ಹಾಕಿದ್ದ ಉಕ್ಕಿನ ಸರಳು ಅಲ್ಲಿತ್ತು. ನಾಲ್ಕು ಜನರೆದುರು ಪಂಚೆ ಸರಿಸಿ ಗಾಯದ ಗುರುತು ತೋರಿಸಿದ ಆ ಮುದುಕರ ಸಂಕೋಚವನ್ನು ನಾನು ಮರೆತಿಲ್ಲ.

ಯಂತ್ರದ ತತ್ತ್ವವೇನೋ ಸರಳವಾದದ್ದೇ. ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತು ಹರಿದರೆ ಸುತ್ತಲ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಅದರೊಳಕ್ಕೆ ಬಂದ ಲೋಹದಲ್ಲಿ ಸುಳಿಪ್ರವಾಹ ಹುಟ್ಟಿ ತನ್ನದೇ ಒಂದು ಕಿರುಕ್ಷೇತ್ರವನ್ನು ಎಬ್ಬಿಸುತ್ತದೆ. ಆ ಮಾರ್ದನಿಯನ್ನು ಯಂತ್ರ ಆಲಿಸುತ್ತದೆ. ಕಬ್ಬಿಣದ ದನಿ ಬೇರೆ, ತಾಮ್ರದ್ದು ಬೇರೆ. ಆದರೆ ಸರಳು ಮೂಳೆಯೊಳಗಿನದೋ ಮಡಿಲಲ್ಲಿ ಬಚ್ಚಿಟ್ಟದ್ದೋ ಎಂಬುದನ್ನು ಅದು ಹೇಳಲಾರದು.

ಸ್ವಾರಸ್ಯವೆಂದರೆ, ಈ ಯಂತ್ರದ ಪ್ರಸಿದ್ಧವಾದ ಮೊದಲ ಪರೀಕ್ಷೆ ನಡೆದದ್ದೂ ಒಬ್ಬ ಮನುಷ್ಯನ ಮೈಮೇಲೆಯೇ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿತು. ಕ್ಷಕಿರಣ ಇನ್ನೂ ಹುಟ್ಟಿರಲಿಲ್ಲ. ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಸುರುಳಿಗಳೊಡನೆ ಬಂದ. ಎರಡು ಬಾರಿ ಪ್ರಯತ್ನಿಸಿದರೂ ಗುಂಡು ಸಿಗಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳೇ ಬೆಲ್‌ನನ್ನು ಮೋಸಗೊಳಿಸಿದವೆಂಬ ಕಥೆ ಇಂದಿಗೂ ಹಬ್ಬಿದೆ. ಕಥೆ ಸೊಗಸಾಗಿದೆ, ಆದರೆ ಬೆಲ್ ಅದನ್ನು ಒಪ್ಪಲಿಲ್ಲ. 1882ರ ತನ್ನ ವರದಿಯಲ್ಲಿ ಆತ, ತಂತಿಗಳಿಂದ ಬಾಧೆಯಾಗಲಿಲ್ಲ, ಗುಂಡು ಯಂತ್ರಕ್ಕೆ ನಿಲುಕದಷ್ಟು ಆಳದಲ್ಲಿತ್ತು ಎಂದಿದ್ದಾನೆ. ಅದಲ್ಲದೆ ವೈದ್ಯರು ಗುಂಡು ಬಲಗಡೆ ಇದೆಯೆಂದು ನಂಬಿದ್ದರು. ಶವಪರೀಕ್ಷೆಯಲ್ಲಿ ಅದು ದೊರೆತದ್ದು ಬೆನ್ನೆಲುಬಿನ ಎಡಗಡೆ!

ಮುಂದೆ ಎರಡನೆಯ ಮಹಾಯುದ್ಧದಲ್ಲಿ ಇದೇ ಸುರುಳಿ ನೆಲಬಾಂಬುಗಳನ್ನು ಹುಡುಕಿತು. ವಿಮಾನಾಪಹರಣಗಳು ಹೆಚ್ಚಿದ ಮೇಲೆ ಬಾಗಿಲಾಯಿತು. 1973ರ ಜನವರಿಯಿಂದ ಅಮೆರಿಕದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು.

ನಿಲುಕಿನ ತೊಡಕು ಮಾತ್ರ ತಪ್ಪಲಿಲ್ಲ. 2010ರ ಏಪ್ರಿಲ್ 17ರಂದು, ಕ್ರಿಕೆಟ್ ಪಂದ್ಯಕ್ಕೆ ಜನ ಸೇರುತ್ತಿದ್ದಾಗ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬುಗಳು ಸಿಡಿದು ಹಲವರು ಗಾಯಗೊಂಡರು. ಅವು ಸಿಡಿದದ್ದು ಹೊರಗೋಡೆಯ ಪಕ್ಕದಲ್ಲಿ. ತನ್ನ ಚೌಕಟ್ಟಿನೊಳಕ್ಕೆ ಬಾರದ ಲೋಹವನ್ನು ಯಾವ ಬಾಗಿಲು ತಾನೇ ಕಂಡೀತು?

ಮರುಸಲ ದೊಡ್ಡಪ್ಪ ವೈದ್ಯರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಬಾಗಿಲು ಕೂಗಿತು. ಕಾವಲಿನ ಹುಡುಗ ಚೀಟಿಯನ್ನು ಓದಿದ, ತಲೆಯಾಡಿಸಿದ, ಆಮೇಲೆ ಅವರನ್ನು ಮೆಲ್ಲನೆ ಪರದೆಯ ಮರೆಗೆ ಕರೆದೊಯ್ದು ಕೈಕೋಲನ್ನೂ ಆಡಿಸಿದ.